ಆಗುಂಬೆಯಲ್ಲಿ ಮೈನಸ್ ನಲವತ್ತು

ಆಗುಂಬೆಯಲ್ಲಿ ಮಳೆ ಜಾಸ್ತಿ ಅಂತ ಎಲ್ಲರಿಗೂ ಗೊತ್ತು. ಆದರೆ ಅಲ್ಲಿ ಮೈನಸ್ 40 ಡಿಗ್ರಿ ಚಳಿ ಇತ್ತು ಅಂದರೆ ನಂಬುತ್ತೀರಾ? ನಾನಂತೂ ನಂಬುವುದಿಲ್ಲ. ಆದರೆ ನನ್ನ ಕಾರು ನಂಬಿತ್ತು. ಹಾಗೆ ನಂಬಿಕೊಂಡೇ 2023ರ ಜುಲೈ ತಿಂಗಳ ಒಂದು ಸಂಜೆ, ಘಾಟಿಯ ಅರ್ಧ ದಾರಿಯಲ್ಲಿ, ಹಿಂದಿನ ಸೀಟಿನಲ್ಲಿ ಅಮ್ಮ ಮಲಗಿದ್ದಾಗ ನಿಂತುಬಿಟ್ಟಿತು.

ಅಮ್ಮನಿಗೆ ಆಗ ಕೀಮೋ ನಡೆಯುತ್ತಿತ್ತು. 21 ದಿನಕ್ಕೊಮ್ಮೆ, ಒಟ್ಟು ಆರು ಸಲ. ತೀರ್ಥಹಳ್ಳಿ ಕಡೆಯವರಿಗೆ ದೊಡ್ಡ ಕಾಯಿಲೆ ಅಂದರೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವುದು ರೂಢಿ. ನಾನು ಬೆಂಗಳೂರಿನ ಆಫೀಸಿನಲ್ಲಿ ಹೇಳಿ, ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಬಂದು ಕೂತಿದ್ದೆ. ಬೆಳಗ್ಗೆ ಐದಕ್ಕೆ ಹೊರಟರೆ ಆಗುಂಬೆ, ಸೋಮೇಶ್ವರ, ಹೆಬ್ರಿ, ಪೆರ್ಡೂರು, ಹಿರಿಯಡ್ಕ ದಾಟಿ ಎಂಟರ ಹೊತ್ತಿಗೆ ಆಸ್ಪತ್ರೆ. ಡ್ರಿಪ್ ಮುಗಿದು ಹೊರಬರುವಾಗ ಸಂಜೆ. ವಾಪಸ್ ಬರುವಾಗ ಅಮ್ಮ ಕಣ್ಣು ಮುಚ್ಚಿಕೊಂಡು, ಕೈಯಲ್ಲೊಂದು ಪ್ಲಾಸ್ಟಿಕ್ ಕವರ್ ಹಿಡಿದುಕೊಂಡು ಮಲಗಿರುತ್ತಿದ್ದಳು.

ಅದು ಮೂರನೇ ಸಲ. ಸೋಮೇಶ್ವರ ಬಿಟ್ಟು ಘಾಟಿ ಹತ್ತಲು ಶುರು ಮಾಡಿದ್ದೆವು. ಹದಿನಾಲ್ಕು ತಿರುವುಗಳಲ್ಲಿ ಅರ್ಧ ಮುಗಿದಿತ್ತೇನೋ, ಕಾರು ಕೆಮ್ಮಿದ ಹಾಗೆ ಎಳೆಯಿತು. ಮೀಟರಿನಲ್ಲಿ ಹಳದಿ ಬಣ್ಣದ ಎಂಜಿನ್ ದೀಪ ಹತ್ತಿಕೊಂಡಿತು. ಮುಂದಿನ ತಿರುವಿನಲ್ಲಿ ಎದುರಿನಿಂದ ಬಸ್ಸು ಬಂತು ಅಂತ ನಿಧಾನ ಮಾಡಿದೆ ನೋಡಿ, ಎಂಜಿನ್ ಆಫ್. ಕೀಲಿ ತಿರುಗಿಸಿದರೆ ಮೋಟಾರು ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಪೆಟ್ರೋಲ್ ವಾಸನೆ ಮೂಗಿಗೆ ಬಡಿಯುತ್ತಿದೆ. ಹೊರಗೆ ಮಳೆ, ಮಂಜು, ಮೊಬೈಲಿಗೆ ಸಿಗ್ನಲ್ ಇಲ್ಲ. ಅಮ್ಮ ಹಿಂದಿನಿಂದ "ಏನಾಯ್ತಾ?" ಅಂದಳು. "ಏನಿಲ್ಲಮ್ಮ" ಅಂದೆ. ನನ್ನ ಕೈ ನಡುಗುತ್ತಿತ್ತು.

ಹಿಂದೆ ಬರುತ್ತಿದ್ದ ಜೀಪಿನವರೊಬ್ಬರು ಇಳಿದು ಬಂದು, ಪೆಟ್ರೋಲ್ ವಾಸನೆ ನೋಡಿ, "ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡ್ಕೊಂಡು ಸೆಲ್ಫ್ ಹೊಡೀರಿ ಸಾರ್" ಅಂದರು. ಹಾಗೇ ಮಾಡಿದೆ. ಒಂದಷ್ಟು ಹೊತ್ತು ಒದ್ದಾಡಿ ಕಪ್ಪು ಹೊಗೆ ಬಿಟ್ಟು ಸ್ಟಾರ್ಟ್ ಆಯಿತು. ಅನೇಕ ಪೆಟ್ರೋಲ್ ಕಾರುಗಳಲ್ಲಿ ಹೀಗೆ ಮಾಡಿದರೆ ಕಂಪ್ಯೂಟರ್ ಪೆಟ್ರೋಲ್ ಬಿಡುವುದನ್ನು ನಿಲ್ಲಿಸುತ್ತದೆ, ತುಂಬಿಕೊಂಡ ಪೆಟ್ರೋಲ್ ಹೊರಗೆ ಹೋಗುತ್ತದೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಅವರ ಹೆಸರು ಕೇಳಲೂ ಮರೆತೆ. ಎಲ್ಲಿದ್ದರೂ ಚೆನ್ನಾಗಿರಲಿ.

ಮರುದಿನ ಪೇಟೆಯ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಸ್ಕ್ಯಾನರ್ ತಂದು ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಕಪ್ಲರಿಗೆ ಹಾಕಿದರು. ಕೋಡ್ ಬಂತು: ಪಿ 0118. ಅದರ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು. "ಎಂಜಿನ್ ಕೂಲೆಂಟ್ ಟೆಂಪರೇಚರ್ ಸೆನ್ಸರ್ ಸರ್ಕ್ಯೂಟ್ ಹೈ." ಮೆಕ್ಯಾನಿಕ್ ಅದರಲ್ಲಿ "ಟೆಂಪರೇಚರ್" ಮತ್ತು "ಹೈ" ಅನ್ನೋ ಎರಡು ಪದ ಓದಿಕೊಂಡರು. "ಘಾಟಿಯಲ್ಲಿ ಹೀಟ್ ಆಗಿದೆ ಸಾರ್" ಅಂತ ಕೂಲೆಂಟ್ ತುಂಬಿಸಿ, ಕೋಡ್ ಅಳಿಸಿ ಕಳಿಸಿದರು.

ಒಂದು ವಾರಕ್ಕೆ ಮತ್ತೆ ದೀಪ ಹತ್ತಿತು. ನಮ್ಮ ಮನೆಯ ಏರಿನಲ್ಲೇ! ಈ ಸಲ ಅವರು ಸೆನ್ಸರ್ ಬದಲಿಸಿದರು, ಲೋಕಲ್ ಮಾಲು. ನಾಲ್ಕನೇ ಕೀಮೋ ಮುಗಿಸಿ ಬರುವಾಗ ಘಾಟಿಯಲ್ಲಿ ಮತ್ತೆ ದೀಪ. ಪುಣ್ಯಕ್ಕೆ ಕಾರು ನಿಲ್ಲಲಿಲ್ಲ. ನಾನು ಮಾತ್ರ ಆಗುಂಬೆ ಮುಟ್ಟುವವರೆಗೆ ಉಸಿರಾಡಲಿಲ್ಲ. ಲೋಕಲ್ ಹಾಕಿದ್ದೇ ತಪ್ಪು ಅಂದುಕೊಂಡು ಶಿವಮೊಗ್ಗಕ್ಕೆ ಹೋಗಿ ದೊಡ್ಡ ಸರ್ವಿಸ್ ಸೆಂಟರಿನಲ್ಲಿ ಒರಿಜಿನಲ್ ಸೆನ್ಸರ್ ಹಾಕಿಸಿದೆ. ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ಮತ್ತೆ ದೀಪ. ಫೋನ್ ಮಾಡಿದರೆ, "ಇನ್ನು ಇಸಿಯುನೇ ಇರಬೇಕು ಸಾರ್. ಇಪ್ಪತ್ತೆಂಟು ಸಾವಿರ ಆಗಬಹುದು. ಒಂದು ವಾರ ಗಾಡಿ ಬಿಡಬೇಕು" ಅಂದರು.

ಐದನೇ ಕೀಮೋಗೆ ಹನ್ನೆರಡು ದಿನ ಉಳಿದಿತ್ತು.

"ಟ್ಯಾಕ್ಸಿ ಮಾಡೋಣಮ್ಮ" ಅಂದೆ. ಅಮ್ಮ ಒಪ್ಪಲಿಲ್ಲ. ಖರ್ಚಿಗೆ ಹೆದರುತ್ತಿದ್ದಾಳೆ ಅಂದುಕೊಂಡು ನಾನು ವಾದ ಮಾಡಿದೆ. ಕೊನೆಗೆ ಮೆಲ್ಲಗೆ ಹೇಳಿದಳು, "ಬೇರೆಯವರ ಕಾರಲ್ಲಿ ವಾಂತಿ ಮಾಡ್ಕೊಂಡು ಬರೋದು ನನ್ನ ಕೈಲಾಗಲ್ಲ." ಅಷ್ಟೇ. ಅದಾದ ಮೇಲೆ ನಾನು ಟ್ಯಾಕ್ಸಿ ಮಾತು ಎತ್ತಲಿಲ್ಲ.

ಅಂದು ರಾತ್ರಿ ಕೂತು ಓದಿದೆ. ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಬ್ಲೂಟೂತ್ ಸ್ಕ್ಯಾನರ್ ಒಂದನ್ನು ತರಿಸಿದೆ. ಅದನ್ನು ಆ 16 ಪಿನ್ನಿಗೆ ಚುಚ್ಚಿದರೆ ಕಾರಿನ ಒಳಗಿನ ಲೆಕ್ಕಾಚಾರವೆಲ್ಲ ಮೊಬೈಲಿನಲ್ಲಿ ಕಾಣುತ್ತದೆ. ಅಮೆರಿಕದಲ್ಲಿ 1996ರಿಂದ ಕಾರುಗಳಲ್ಲಿ ಇದು ಕಡ್ಡಾಯ. ನಮ್ಮಲ್ಲಿ ಭಾರತ್ ಸ್ಟೇಜ್ 4 ಬಂದ ಮೇಲೆ, 2010ರಿಂದ ಹಂತಹಂತವಾಗಿ ಬಂತು. ನನ್ನದು 2014ರ ಪೆಟ್ರೋಲ್ ಕಾರು, ಸೆಕೆಂಡ್ ಹ್ಯಾಂಡ್.

ಓದುತ್ತಾ ಹೋದ ಹಾಗೆ ಗೊತ್ತಾಗಿದ್ದು ಇಷ್ಟು. ಆ ಸೆನ್ಸರ್ ಅಂದರೆ ಬೇರೇನಲ್ಲ, ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಕಡಿಮೆಯಾಗುವ ಒಂದು ಚೂರು. ಅದಕ್ಕೆ ಎರಡೇ ತಂತಿ. ಕಂಪ್ಯೂಟರ್ ಒಂದು ರೆಸಿಸ್ಟರ್ ಮೂಲಕ ಅದಕ್ಕೆ 5 ವೋಲ್ಟ್ ಕೊಟ್ಟು, ತಂತಿಯಲ್ಲಿ ಎಷ್ಟು ವೋಲ್ಟ್ ಉಳಿಯಿತು ಅಂತ ನೋಡುತ್ತದೆ. ಎಂಜಿನ್ ಬಿಸಿಯಾದರೆ ವೋಲ್ಟೇಜ್ ಇಳಿಯುತ್ತದೆ, ತಣ್ಣಗಿದ್ದರೆ ಏರುತ್ತದೆ. ಅಂದರೆ ಆ "ಹೈ" ಅನ್ನೋದು ಬಿಸಿ ಅಲ್ಲ, ವೋಲ್ಟೇಜು. ನಿಜವಾದ ಅರ್ಥ ತದ್ವಿರುದ್ಧ! ತಂತಿ ಎಲ್ಲಾದರೂ ತುಂಡಾದರೆ ಪೂರಾ 5 ವೋಲ್ಟ್ ಹಾಗೇ ಉಳಿಯುತ್ತದೆ. ಆಗ ಕಂಪ್ಯೂಟರ್ ತನ್ನ ಪಟ್ಟಿಯ ಕೊನೆಯ ಸಂಖ್ಯೆ ಓದುತ್ತದೆ: ಮೈನಸ್ 40 ಡಿಗ್ರಿ. (ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಅಂತ ಕೇಳಬೇಡಿ, ಮೈನಸ್ 40ರಲ್ಲಿ ಎರಡೂ ಒಂದೇ.)

ಹೊರಗೆ ಮೈನಸ್ 40 ಅಂತ ಕಂಪ್ಯೂಟರ್ ನಂಬಿದರೆ ಏನು ಮಾಡುತ್ತದೆ? ಚಳಿಗೆ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಪಾಪ ಅಂತ ಸಿಕ್ಕಾಪಟ್ಟೆ ಪೆಟ್ರೋಲ್ ಸುರಿಯುತ್ತದೆ. ಹಳೇ ಸ್ಕೂಟರಿನಲ್ಲಿ ಎಂಜಿನ್ ಕಾದ ಮೇಲೂ ಚೋಕ್ ಎಳೆದ ಹಾಗೆ. ಒಂದಷ್ಟು ಸೆಕೆಂಡುಗಳ ನಂತರ ಇದೇನೋ ಸುಳ್ಳು ಅಂತ ಅದಕ್ಕೆ ಅರಿವಾಗಿ, ದೀಪ ಹೊತ್ತಿಸಿ, ಸೆನ್ಸರ್ ಮಾತು ಬಿಟ್ಟು ಅಂದಾಜಿನ ಮೇಲೆ ಓಡಿಸುತ್ತದೆ. ಆ ಒಂದಷ್ಟು ಸೆಕೆಂಡುಗಳೇ ನಮ್ಮನ್ನು ತಿರುವಿನಲ್ಲಿ ನಿಲ್ಲಿಸಿದ್ದು.

ಇಷ್ಟು ಗೊತ್ತಾದ ಮೇಲೆ ನನಗೆ ಭಾರೀ ಉಮೇದು ಬಂತು. ಬಚ್ಚಲ ಒಲೆಯ ಮೇಲೆ ಹಳೇ ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರು ಕುದಿಸಿ, ಬಿಚ್ಚಿ ಹಾಕಿದ್ದ ಎರಡು ಸೆನ್ಸರ್‌ಗಳನ್ನೂ ಮಲ್ಟಿಮೀಟರಿನಲ್ಲಿ ನೋಡಿದೆ. ತಣ್ಣಗಿದ್ದಾಗ ಸುಮಾರು 2 ಕಿಲೋ ಓಮ್, ಕುದಿಯುವ ನೀರಿನಲ್ಲಿ 200 ಓಮ್ ಆಸುಪಾಸು. ಎರಡೂ ಸರಿ! ಕಾರಿನ ಜೊತೆ ಬಂದಿದ್ದ ಮೊದಲಿನದೂ ಸರಿ, ಲೋಕಲ್ ಮಾಲೂ ಸರಿ. ಏನೂ ತಪ್ಪು ಮಾಡದ ಎರಡು ಸೆನ್ಸರ್‌ಗಳನ್ನು ಕೆಲಸದಿಂದ ತೆಗೆದು ಹಾಕಿದ್ದೆವು.

ಹಾಗಾದರೆ ತಂತಿ. ಸೆನ್ಸರಿನ ಕಪ್ಲರ್ ಎಳೆದೆ. ಮೊಬೈಲಿನಲ್ಲಿ ಮೈನಸ್ 40 ತೋರಿಸಿತು. ಕಪ್ಲರಿನ ಎರಡು ಪಿನ್ನುಗಳನ್ನು ಒಂದು ಸಣ್ಣ ತಂತಿಯಿಂದ ಸೇರಿಸಿದೆ. 130 ದಾಟಿತು. (ಇದನ್ನು ಎರಡು ತಂತಿಯ ಈ ಥರದ ಸೆನ್ಸರಿಗೆ ಮಾತ್ರ ಮಾಡಬಹುದು. ಮೂರು ತಂತಿ ಇರುವ ಸೆನ್ಸರಿಗೆ ದಯವಿಟ್ಟು ಮಾಡಬೇಡಿ.) ಅಂದರೆ ತಂತಿಯೂ ಸರಿ, ಕಂಪ್ಯೂಟರೂ ಸರಿ. ಎಲ್ಲವೂ ಸರಿ, ಕಾರು ಮಾತ್ರ ಸರಿಯಿಲ್ಲ! ಬಾನೆಟ್ ಮೇಲೆ ಕೈಯಿಟ್ಟು ನಿಂತೆ.

ಜಗಲಿಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದವರು ಅಪ್ಪಯ್ಯ.

ಅಪ್ಪಯ್ಯ ಲೈನ್‌ಮನ್ ಆಗಿದ್ದವರು. ಕೆ.ಇ.ಬಿ. 1999ರಲ್ಲಿ ಕೆ.ಪಿ.ಟಿ.ಸಿ.ಎಲ್. ಆಗಿ, 2002ರಲ್ಲಿ ನಮ್ಮ ಕಡೆಗೆ ಮೆಸ್ಕಾಂ ಬಂದರೂ, ಅಪ್ಪಯ್ಯನಿಗೆ ಅದು ಕೊನೆಯವರೆಗೂ ಕೆ.ಇ.ಬಿ.ಯೇ. ಮೂವತ್ತು ವರ್ಷ ಮಲೆನಾಡಿನ ಮಳೆಯಲ್ಲಿ ಕಂಬ ಹತ್ತಿದ್ದಾರೆ. ಕಾರು ಬಿಡಲು ಬರುವುದಿಲ್ಲ. ಕಾರಿನ ವಿಷಯದಲ್ಲಿ ಅವರನ್ನು ಕೇಳಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ನಿಜ ಹೇಳಬೇಕೆಂದರೆ ಅಮ್ಮನ ಕಾಯಿಲೆ ಗೊತ್ತಾದಾಗಿನಿಂದ ನಾನು ಅವರನ್ನು ಯಾವುದನ್ನೂ ಕೇಳಿರಲಿಲ್ಲ. ಎಲ್ಲವನ್ನೂ ನಾನೇ ನಿರ್ಧರಿಸುತ್ತಿದ್ದೆ. ಅವರು ಕೂತಿರುತ್ತಿದ್ದರು.

"ಎಂತಂತೆ?" ಅಂದರು. ಬೇಜಾರಿನಲ್ಲೇ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಅಲ್ಲ ಮಾರಾಯ, ಕರೆಂಟ್ ಇಲ್ಲ ಅಂತ ಒಬ್ಬರ ಮನೆಯಿಂದ ಕಂಪ್ಲೇಂಟ್ ಬಂದ್ರೆ, ನಾವು ಅವರ ಮನೆ ಬಲ್ಬ್ ಬದಲಿಸಿ ಬರ್ತಿದ್ವಾ? ಬೆಳಕು ಹೋಗಿದ್ದು ಅಲ್ಲಿ. ಫಾಲ್ಟ್ ಇರೋದು ಇನ್ನೆಲ್ಲೋ ಕಾಡೊಳಗೆ. ಲೈನ್ ಹಿಡ್ಕೊಂಡು ನಡೀಬೇಕು."

ಆ ಕೋಡನ್ನು ಮತ್ತೆ ನೋಡಿದೆ. "ಸೆನ್ಸರ್ ಸರ್ಕ್ಯೂಟ್" ಅಂತಿತ್ತು. ಸೆನ್ಸರ್ ಕೆಟ್ಟಿದೆ ಅಂತ ಅದು ಯಾವತ್ತೂ ಹೇಳಿರಲೇ ಇಲ್ಲ. ನಾವೆಲ್ಲ "ಸರ್ಕ್ಯೂಟ್" ಅನ್ನೋ ಪದವನ್ನು ಹಾರಿಸಿ ಓದಿದ್ದೆವು. ಕೋಡ್ ಬರೆಯುವ ಕೆಲಸವನ್ನೇ ಮಾಡಿ ಅನ್ನ ತಿನ್ನುವ ನಾನೂ ಸೇರಿದಂತೆ :)

"ಲೈನ್ ಸರಿ ಇದೆಯಲ್ಲ ಅಪ್ಪಯ್ಯ, ಈಗ ತಾನೇ ನೋಡಿದ್ನಲ್ಲ" ಅಂದೆ.

"ಈಗ ಸರಿ ಇದೆ. ನಿಂತ್ಕೊಂಡಿದೆಯಲ್ಲ. ಗಾಳಿ ಬಂದಾಗ ಟ್ರಿಪ್ ಆಗೋ ಲೈನನ್ನ ಗಾಳಿ ನಿಂತ ಮೇಲೆ ಹೋಗಿ ನೋಡಿದ್ರೆ ಎಂತ ಸಿಗ್ತದೆ? ಇದು ಯಾವಾಗೆಲ್ಲ ಬಂದಿದೆ ಹೇಳು."

ಮಳೆ ಬಂದಾಗ ಅಂದೆ. ಕಪ್ಲರಿಗೆ ನೀರು ಹೋಗಿರಬೇಕು ಅನ್ನೋದು ನನ್ನ ತೀರ್ಮಾನವಾಗಿತ್ತು. "ಬರೆದು ನೋಡು" ಅಂದರು. ಬರೆದೆ. ಅಷ್ಟು ಹೊತ್ತಿಗೆ ಐದು ಸಲ ದೀಪ ಹತ್ತಿತ್ತು. ಐದರಲ್ಲಿ ಎರಡು ಸಲ ಒಂದು ಹನಿ ಮಳೆಯೂ ಇರಲಿಲ್ಲ. ಆದರೆ ಐದಕ್ಕೆ ಐದೂ ಏರು ಹತ್ತುವಾಗ! ಇದು ನನ್ನ ಕಣ್ಣ ಮುಂದೆಯೇ ಇತ್ತು, ನಾನು ನೋಡಿರಲಿಲ್ಲ. ಮಲೆನಾಡಿನಲ್ಲಿ ಮಳೆಯ ಮೇಲೆ ತಪ್ಪು ಹೊರಿಸುವುದು ಎಷ್ಟು ಸುಲಭ ನೋಡಿ.

ಏರು ಹತ್ತುವಾಗ ಬದಲಾಗುವುದೇನು? ಎಂಜಿನ್ ಜೋರಾಗಿ ಎಳೆಯುವಾಗ ತನ್ನ ರಬ್ಬರ್ ಮೌಂಟಿಂಗ್ ಮೇಲೆ ಒಂದು ಕಡೆಗೆ ವಾಲುತ್ತದೆ. ಹೆಚ್ಚೇನಲ್ಲ, ಒಂದೆರಡು ಬೆರಳು. ಆದರೆ ಎಂಜಿನ್ನಿಗೂ ಬಾಡಿಗೂ ನಡುವೆ ಹೋಗುವ ತಂತಿಗಳೆಲ್ಲ ಆಗ ಅಷ್ಟು ಎಳೆದಾಡುತ್ತವೆ.

ಅಂಗಳದಲ್ಲೇ ಘಾಟಿ ಮಾಡಿದೆವು! ಎಂಜಿನ್ ಕಾಯಿಸಿ, ಹ್ಯಾಂಡ್ ಬ್ರೇಕ್ ಎಳೆದು, ಕಾಲಿನ ಬ್ರೇಕನ್ನೂ ಗಟ್ಟಿಯಾಗಿ ಒತ್ತಿ, ಫಸ್ಟ್ ಗೇರಿನಲ್ಲಿ ಕ್ಲಚ್ ಚೂರೇ ಚೂರು ಬಿಟ್ಟೆ. ಕಾರು ಮೂಗೆತ್ತಿದ ಹಾಗೆ ಮಾಡಿತು. ಪಕ್ಕದ ಸೀಟಿನಲ್ಲಿ ಅಪ್ಪಯ್ಯ ಕನ್ನಡಕ ಏರಿಸಿಕೊಂಡು ನನ್ನ ಮೊಬೈಲ್ ಹಿಡಿದು ಓದುತ್ತಿದ್ದರು. "ಎಂಬತ್ತೆಂಟು... ಎಂಬತ್ತೆಂಟು... ಎಂಬತ್ತೆಂಟು... ಹೋಯ್ತು! ಮೈನಸ್ ನಲವತ್ತು!" ಕ್ಲಚ್ ಒತ್ತಿದೆ. "ಬಂತು, ಎಂಬತ್ತೆಂಟು." ಮತ್ತೆ ಬಿಟ್ಟೆ. "ಹೋಯ್ತು!" ಎರಡು ತಿಂಗಳಿನಿಂದ ಅವರ ದನಿ ಅಷ್ಟು ಗಟ್ಟಿಯಾಗಿ ಕೇಳಿರಲಿಲ್ಲ. ಅಮ್ಮ ತಲೆಗೆ ಬಟ್ಟೆ ಕಟ್ಟಿಕೊಂಡು ಬಾಗಿಲಿಗೆ ಬಂದು ನಿಂತಳು, ಇವರಿಬ್ಬರಿಗೆ ಏನಾಗಿದೆ ಅಂತ.

ಆಮೇಲಿನದು ಲೈನ್ ಹಿಡಿದು ನಡೆಯುವ ಕೆಲಸ. ಎಂಜಿನ್ ಆಫ್ ಮಾಡಿ, ಕೀಲಿ ಮಾತ್ರ ಆನ್ ಇಟ್ಟು, ಸೆನ್ಸರಿನಿಂದ ಶುರು ಮಾಡಿ ಗೇಣು ಗೇಣು ತಂತಿಯನ್ನು ಅಲುಗಿಸುತ್ತಾ ಹೋದೆ. ಅಪ್ಪಯ್ಯ ಸಂಖ್ಯೆ ಕೂಗುತ್ತಾ ಹೋದರು. ಮೊದಲ ಗೇಣು, ಏನಿಲ್ಲ. ಎರಡನೆಯದು, ಏನಿಲ್ಲ. ಬ್ಯಾಟರಿಯ ಹತ್ತಿರ, ತಂತಿಗಳ ಕಟ್ಟು ಬಾಡಿಯ ಕಡೆಗೆ ಹೊರಳುವಲ್ಲಿ ಕೈ ಇಟ್ಟೆ ಅಷ್ಟೇ. "ಹೋಯ್ತು!"

ಅಪ್ಪಯ್ಯ ಇಳಿದು ಬಂದು ಬಗ್ಗಿ ನೋಡಿದರು. ಟೇಪು ಬಿಚ್ಚುವ ಮೊದಲೇ ಹೇಳಿದರು, "ಇದಕ್ಕೆ ಸ್ಯಾಗೇ ಬಿಟ್ಟಿಲ್ಲವಲ್ಲ! ಯಾರು ಕಟ್ಟಿದ್ದು ಇದನ್ನ?"

ಕಂಬದಿಂದ ಕಂಬಕ್ಕೆ ತಂತಿ ಎಳೆಯುವಾಗ ಬಿಗಿಯಾಗಿ ಎಳೆಯುವುದಿಲ್ಲ, ಜೋಲು ಬಿಡುತ್ತಾರೆ. ಲೈನ್‌ಮನ್ನರ ಬಾಯಲ್ಲಿ ಅದು ಸ್ಯಾಗು. ಬೇಸಿಗೆಯಲ್ಲಿ ತಂತಿ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ, ಗಾಳಿಗೆ ತೂಗುತ್ತದೆ. ನೋಡಲು ಚೆಂದ ಅಂತ ಸೆಕೆಯಲ್ಲಿ ಬಿಗಿಯಾಗಿ ಎಳೆದು ಕಟ್ಟಿದರೆ ಚಳಿಗಾಲದಲ್ಲಿ ತಂತಿಗೂ ಕಂಬಕ್ಕೂ ಕೇಡು. ಇಲ್ಲಿ ಆಗಿದ್ದೂ ಅದೇ. ಆ ತಂತಿಗಳ ಕಟ್ಟನ್ನು ಇನ್ನೊಂದು ದಪ್ಪ ತಂತಿಯ ಜೊತೆ ಸೇರಿಸಿ, ಬಾಡಿಯ ಬ್ರಾಕೆಟ್ಟಿಗೆ ಪ್ಲಾಸ್ಟಿಕ್ ಕೇಬಲ್ ಟೈ ಹಾಕಿ ಯಾರೋ ಬಿಗಿದಿದ್ದರು. ಎಂಜಿನ್ ವಾಲಿದಾಗೆಲ್ಲ ಎಳೆತವೆಲ್ಲ ಆ ಒಂದೇ ಜಾಗಕ್ಕೆ.

ಆ ದಪ್ಪ ತಂತಿ ಯಾವುದು ಅಂತ ನೋಡಿದೆ. ಮಂಜಿನ ದೀಪದ್ದು.

ಆ ದೀಪ ಹಾಕಿಸಿದ್ದು ನಾನೇ. ಜೂನ್ ಮೊದಲ ವಾರ, ಅಮ್ಮನ ಮೊದಲ ಕೀಮೋಗೆ ಮುಂಚೆ. ಮಳೆಗಾಲದಲ್ಲಿ ಆಗುಂಬೆಯ ಮಂಜಿನಲ್ಲಿ ಅಮ್ಮನನ್ನು ಹುಷಾರಾಗಿ ಕರೆದುಕೊಂಡು ಹೋಗಬೇಕು ಅಂತ ಮುತುವರ್ಜಿಯಿಂದ ಹಾಕಿಸಿದ ದೀಪ. ಮುಕ್ಕಾಲು ಗಂಟೆ ಎದುರಿಗೇ ನಿಂತು, "ತಂತಿ ಜೋತಾಡೋದು ಬೇಡ, ಗಟ್ಟಿ ಕಟ್ಟಿ" ಅಂತ ಹೇಳಿ ಕಟ್ಟಿಸಿದ್ದೆ. ಹಾಗೆ ಹೇಳಿದ್ದು ನೆನಪಾಗಿ ಕಿವಿ ಬಿಸಿಯಾಯಿತು. ಅದಾದ ಮೇಲೆ ಇಬ್ಬರು ಮೆಕ್ಯಾನಿಕ್ಕರ ಹತ್ತಿರ ಹೋಗಿದ್ದೆನಲ್ಲ, ಒಬ್ಬರಿಗೂ ಈ ದೀಪದ ವಿಷಯ ಹೇಳಿರಲಿಲ್ಲ. ದೀಪಕ್ಕೂ ಎಂಜಿನ್ನಿನ ಶಾಖಕ್ಕೂ ಏನು ಸಂಬಂಧ ಅಂತ. ಅವರನ್ನು ಬೈದುಕೊಂಡಿದ್ದೇ ಬಂತು.

ಟೈ ಕತ್ತರಿಸಿ, ಟೇಪು ಬಿಚ್ಚಿದೆ. ಸೆನ್ಸರಿನ ಎರಡು ತಂತಿಗಳೂ ನೋಡಲು ಚೆನ್ನಾಗೇ ಇದ್ದವು. ಅಪ್ಪಯ್ಯ "ಮೆಲ್ಲಗೆ ಎಳೆದು ನೋಡು" ಅಂದರು. ಒಂದು ತಂತಿ ಎಳೆದರೆ ಬಗ್ಗಲಿಲ್ಲ. ಇನ್ನೊಂದು ರಬ್ಬರಿನ ಹಾಗೆ ಉದ್ದವಾಯಿತು! ಮೇಲಿನ ಪ್ಲಾಸ್ಟಿಕ್ ಹಾಗೇ ಇದೆ, ಒಳಗಿನ ತಾಮ್ರ ತುಂಡಾಗಿದೆ. ಬಿಡಿಸಿ ನೋಡಿದರೆ ಎಳೆಗಳ ತುದಿ ಹಸಿರಾಗಿತ್ತು. ಎಂಜಿನ್ ನೆಟ್ಟಗಿದ್ದಾಗ ಎರಡು ತುದಿ ಮುಟ್ಟಿಕೊಂಡಿರುತ್ತವೆ. ವಾಲಿದಾಗ ಬಿಟ್ಟುಹೋಗುತ್ತವೆ. ಅದಕ್ಕೇ ಗ್ಯಾರೇಜಿನಲ್ಲಿ ಯಾವಾಗ ನೋಡಿದರೂ ಎಲ್ಲ ಸರಿ. ಸಾಲದ್ದಕ್ಕೆ, ಸಾಮಾನ್ಯವಾಗಿ ಸತತ ಮೂರು ಓಡಾಟದಲ್ಲಿ ದೋಷ ಕಾಣದಿದ್ದರೆ ದೀಪ ತಾನಾಗಿಯೇ ಆರಿಬಿಡುತ್ತದೆ. ಸರಿಹೋಯಿತು ಅಂತ ನಾವು ಖುಷಿಪಡುತ್ತೇವೆ.

ಕೆಟ್ಟ ಭಾಗ ಕತ್ತರಿಸಿ ಒಂದು ಗೇಣು ಹೊಸ ತಂತಿ ಸೇರಿಸಿದೆವು. ನಾನು ಬರೀ ತಿರುಚಿ ಟೇಪು ಸುತ್ತಲು ಹೊರಟಿದ್ದೆ. ಅಪ್ಪಯ್ಯ ಬಿಡಲಿಲ್ಲ. ಪೇಟೆಗೆ ಕಳಿಸಿ, ಒತ್ತಿ ಕೂಡಿಸುವ ತೂತಿನ ಲಗ್ಗು, ಬಿಸಿಗೆ ಕುಗ್ಗುವ ಸ್ಲೀವು ತರಿಸಿದರು. "ಜಾಯಿಂಟ್ ಹಾಕಿದ ಮೇಲೆ ಎಳೆದು ನೋಡಬೇಕು. ನಿನ್ನ ಕೈಗೆ ಬಂದ್ರೆ ಗಾಳಿಗೂ ಬರ್ತದೆ" ಅಂದರು. ಎಳೆದೆ, ಬರಲಿಲ್ಲ. ಮಂಜಿನ ದೀಪದ ತಂತಿಯನ್ನು ಬೇರೆ ದಾರಿಯಲ್ಲಿ ಒಯ್ದೆವು. ಇದಕ್ಕೆ ಒಂದಿಷ್ಟು ಜೋಲು ಬಿಟ್ಟೆವು. ಒಟ್ಟು ಖರ್ಚು ನೂರು ರೂಪಾಯಿಯೂ ಆಗಲಿಲ್ಲ.

ಅಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪಯ್ಯ ಅನ್ನ ಕಲಸುತ್ತಾ ಯಾರಿಗೋ ಹೇಳಿದ ಹಾಗೆ, "ಹೊಟ್ಟೆ ಉಬ್ಬರ ಅಂದಾಗ ನಾವೂ ಗ್ಯಾಸ್ಟ್ರಿಕ್ ಮಾತ್ರೆ ಬದಲಿಸ್ತಾ ಕೂತ್ವಲ್ಲ" ಅಂದರು. ಐದಾರು ತಿಂಗಳು ಹಾಗೇ ಮಾಡಿದ್ದೆವು. ಜೀರಿಗೆ ಕಷಾಯ, ಓಮದ ನೀರು, ಅಂಗಡಿ ಮಾತ್ರೆ. ಅಮ್ಮನ ಕಾಯಿಲೆ ಇದ್ದಿದ್ದು ಅಂಡಾಶಯದಲ್ಲಿ. ಈ ಮಾತನ್ನು ಅಷ್ಟು ದಿನ ಅವರು ಒಬ್ಬರೇ ಇಟ್ಟುಕೊಂಡಿದ್ದರು ಅಂತ ಆಗ ಗೊತ್ತಾಯಿತು. ನಾನೂ ಒಬ್ಬನೇ ಇಟ್ಟುಕೊಂಡಿದ್ದೆ. ಅಮ್ಮ "ಆಯ್ತು ಬಿಡಿ, ಮಜ್ಜಿಗೆ ಬಡಿಸ್ಕೊಳ್ಳಿ" ಅಂದಳು.

ನಿಮ್ಮ ಕಾರಿನಲ್ಲೂ ಇಂಥ ದೀಪ ಹತ್ತಿ ಆರಿ ಕಾಡುತ್ತಿದ್ದರೆ ಮೂರು ಮಾತು. ಸೆನ್ಸರ್ ಬದಲಿಸುವ ಮೊದಲು ಹಳೆಯದನ್ನು ಮೀಟರಿನಲ್ಲಿ ನೋಡಿ. ದೀಪ ಹತ್ತಿದಾಗ ಕಾರು ಏನು ಮಾಡುತ್ತಿತ್ತು ಅಂತ ಬರೆದಿಡಿ, ನೆನಪನ್ನು ನಂಬಬೇಡಿ. ಮತ್ತೆ, ಇದು ಶುರುವಾಗುವ ಮೊದಲು ಕಾರಿಗೆ ಏನು ಮಾಡಿಸಿದ್ದಿರಿ, ಹಾರ್ನ್, ಸ್ಟೀರಿಯೋ, ದೀಪ, ಏನೇ ಇರಲಿ, ನಾಚಿಕೆಯಿಲ್ಲದೆ ಮೆಕ್ಯಾನಿಕ್ಕಿಗೆ ಹೇಳಿ.

ಐದನೇ ಕೀಮೋಗೆ ನಮ್ಮ ಕಾರಿನಲ್ಲೇ ಹೋದೆವು. ಈ ಸಲ ಅಪ್ಪಯ್ಯನೂ ಬಂದರು, ಮುಂದಿನ ಸೀಟಿನಲ್ಲಿ ಮೊಬೈಲ್ ಹಿಡಿದುಕೊಂಡು. ವಾಪಸ್ ಬರುವಾಗ ಸೋಮೇಶ್ವರ ದಾಟಿದ ಮೇಲೆ ನಾವ್ಯಾರೂ ಮಾತಾಡಲಿಲ್ಲ. ಮೊದಲ ತಿರುವು, ಎರಡನೇ ತಿರುವು. ಅಂದು ನಿಂತಿದ್ದ ಜಾಗ ಬಂತು, ಹೋಯಿತು. ಹಿಂದಿನ ಸೀಟಿನಿಂದ ಅಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಎಷ್ಟುಂಟು?"

"ತೊಂಬತ್ತೊಂದು" ಅಂದರು ಅಪ್ಪಯ್ಯ.

ಅಮ್ಮನ ಚಿಕಿತ್ಸೆ ಮುಗಿದಿದೆ. ಈಗ ಆರು ತಿಂಗಳಿಗೊಮ್ಮೆ ಚೆಕಪ್ಪಿಗೆ ಅದೇ ಘಾಟಿ, ಅದೇ ಕಾರು. ಸ್ಕ್ಯಾನರ್ ಇನ್ನೂ ಅಲ್ಲೇ ಚುಚ್ಚಿಕೊಂಡಿದೆ. ಬೇಕಾಗಿಲ್ಲ, ಆದರೂ ತೆಗೆದಿಲ್ಲ. ಏರು ಶುರುವಾದ ಕೂಡಲೇ ಅಮ್ಮ ಈಗಲೂ ಕೇಳುತ್ತಾಳೆ, ಅಪ್ಪಯ್ಯ ಈಗಲೂ ಹೇಳುತ್ತಾರೆ.